ಗ್ರಹ ನೂರೈವತ್ತು, ವಾರ್ಡು ಒಂದೂ ಇಲ್ಲ

ನಮ್ಮ ಬಳಗದ ಮಾಸ್ತರರು ಧಾರವಾಡದವರು, ನಿವೃತ್ತರು, ಮೇಲಾಗಿ ಸ್ಟಾರ್ ಟ್ರೆಕ್ ಭಕ್ತರು. ಈ ಮೂರರಲ್ಲಿ ಒಂದಿದ್ದರೂ ಮನುಷ್ಯ ವಾದಕ್ಕೆ ಇಳಿಯುತ್ತಾನೆ. ಇವರಲ್ಲಿ ಮೂರೂ ಕೂಡಿವೆ. ಎಂಬತ್ತರ ದಶಕದಲ್ಲಿ ದೂರದರ್ಶನದವರು ಭಾನುವಾರ ಬೆಳಿಗ್ಗೆ ಆ ಧಾರಾವಾಹಿ ತೋರಿಸುತ್ತಿದ್ದಾಗ ಅಂಟಿಕೊಂಡ ಗೀಳು ಇನ್ನೂ ಬಿಟ್ಟಿಲ್ಲ. ಕಥೆಯ ಲೆಕ್ಕದಲ್ಲಿ 2161ರಲ್ಲಿ ಸ್ಥಾಪನೆಯಾಗುವ ಗ್ರಹಗಳ ಒಕ್ಕೂಟವೇ ಮನುಷ್ಯನ ತಲೆಯಲ್ಲಿ ಹುಟ್ಟಿದ ಅತ್ಯುತ್ತಮ ಪ್ರಜಾಪ್ರಭುತ್ವ ಎಂಬುದು ಅವರ ಸಿದ್ಧಾಂತ. ನಾನು ಹುಬ್ಬಳ್ಳಿಯವ. ಧಾರವಾಡದವರು ಸಿದ್ಧಾಂತ ಹೇಳಿದರೆ ಅದರ ರೇಟು ಕೇಳುವುದು ನಮ್ಮ ಸಂಪ್ರದಾಯ.

“ನೂರೈವತ್ತಕ್ಕೂ ಹೆಚ್ಚು ಗ್ರಹ ಅವ ನೋಡ್ರಿ ಒಕ್ಕೂಟದಾಗ. ಒಳಗ ಒಂದು ಜಗಳಿಲ್ಲ, ಗದ್ದಲಿಲ್ಲ.”

“ಅಲ್ರೀ ಮಾಸ್ತರ್ರ, ಜಗಳಿಲ್ಲ ಅಂದ್ರ ಅದು ಪ್ರಜಾಪ್ರಭುತ್ವ ಹೆಂಗ ಆಗ್ತೈತಿ? ಗಟಾರ ತುಂಬಿದ್ರ ಅಲ್ಲಿ ಮಂದಿ ಯಾರ ಮನಿ ಬಾಗಲಾ ಬಡೀತಾರ? ವಾರ್ಡು ಎಷ್ಟ ಅದಾವು?”

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಇದು ಅವರಿಗೆ ಸಮಯ ಬೇಕಾದಾಗಿನ ಲಕ್ಷಣ.

ನನ್ನ ತಕರಾರು ಸಣ್ಣದಲ್ಲ. ಆ ಧಾರಾವಾಹಿ ಶುರುವಾದದ್ದು 1966ರಲ್ಲಿ. ಅಂದಿನಿಂದ ಕ್ಯಾಮೆರಾ ಹೆಚ್ಚಾಗಿ ಹಡಗಿನೊಳಗೇ ಇದೆ. ಕ್ಯಾಪ್ಟನ್ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಾನೆ, ಉಳಿದವರು ಗುಂಡಿ ಒತ್ತುತ್ತಾರೆ. ಸೇನೆಯ ಹಡಗಿನಲ್ಲಿ ಮತದಾನ ನಡೆಯಲಿ ಅಂತ ನಾನೂ ಅನ್ನುವುದಿಲ್ಲ. ಆದರೆ ಹಡಗು ಬಿಟ್ಟು ಇಳಿದರೆ ಭೂಮಿಯ ಮೇಲೆ ಒಂದು ಮತಗಟ್ಟೆಯಾದರೂ ಕಾಣಬೇಡವೇ? ಪ್ಯಾರಿಸ್ಸಿನಲ್ಲಿ ಅಧ್ಯಕ್ಷರ ಕಚೇರಿಯಿದೆ. 1996ರ ಒಂದು ಜೋಡಿ ಕಂತಿನಲ್ಲಿ ಜರೇಶ್-ಇನ್ಯೋ ಎಂಬ ಅಧ್ಯಕ್ಷರು, ತಾವು ಈ ಹುದ್ದೆ ಬಯಸಿದವರಲ್ಲ, ಚುನಾವಣೆಗೆ ನಿಲ್ಲಿ ಅಂತ ಮಂದಿ ಹೇಳಿದ್ದಕ್ಕೆ ಒಲ್ಲದ ಮನಸ್ಸಿನಿಂದ ನಿಂತೆ ಎಂದು ಹೇಳಿಕೊಳ್ಳುತ್ತಾರೆ. ಅಲ್ಲಿಗೆ ಚುನಾವಣೆಯ ಸುದ್ದಿ ಮುಗಿಯಿತು. ಬಂಡಾಯ ಅಭ್ಯರ್ಥಿಯಿಲ್ಲ, ಠೇವಣಿ ಕಳಕೊಂಡವರಿಲ್ಲ. ಮೇಲಾಗಿ ಆ ಕಾಲದ ಭೂಮಿಯಲ್ಲಿ ದುಡ್ಡೇ ಚಲಾವಣೆಯಲ್ಲಿಲ್ಲ! ದುಡ್ಡಿಲ್ಲದೆ ಚುನಾವಣೆ ಹೇಗೆ ಮಾಡುವುದು ಎಂದು ನಮ್ಮ ಕಡೆಯ ಯಾವ ಪಕ್ಷದ ಕಚೇರಿಯಲ್ಲಿ ಕೇಳಿದರೂ ಮೊದಲು ನಿಮಗೆ ನೀರು ಕುಡಿಸಿ ಕೂಡಿಸುತ್ತಾರೆ.

“ಅದೇ ಕಂತು ಪೂರ್ತಿ ನೋಡ್ರಿ,” ಎಂದರು ಮಾಸ್ತರರು. ನೋಡಿದೆ. ನೋಡಿ ನನ್ನ ಪಕ್ಷ ಇನ್ನೂ ಗಟ್ಟಿಯಾಯಿತು.

ಕಥೆ ಹೀಗಿದೆ. ಬೇಕಾದ ರೂಪ ತಾಳುವ ಶತ್ರುಗಳು ಭೂಮಿಗೆ ನುಗ್ಗಿದ್ದಾರೆಂಬ ಹೆದರಿಕೆ. ಲೇಟನ್ ಎಂಬ ಅಡ್ಮಿರಲ್ ಸಾಹೇಬ ತನ್ನ ಕೆಡೆಟ್ ಹುಡುಗರಿಂದಲೇ ಇಡೀ ಭೂಮಿಯ ಕರೆಂಟು ತೆಗೆಸುತ್ತಾನೆ. ಅಧ್ಯಕ್ಷರು ಗಾಬರಿಬಿದ್ದು ತುರ್ತುಸ್ಥಿತಿ ಸಾರುತ್ತಾರೆ, ಬೀದಿಬೀದಿಗೆ ಸೈನಿಕರು ಬಂದು ನಿಲ್ಲುತ್ತಾರೆ. ಒಂದೇ ಸಲ ಕರೆಂಟು ಹೋದದ್ದಕ್ಕೆ! ನಮ್ಮಲ್ಲಿ ಕರೆಂಟು ಹೋದರೆ ಬೀದಿಗೆ ಬರುವವರು ಮಂದಿ, ಮತ್ತು ಗಾಬರಿಬೀಳುವವ ಲೈನ್‌ಮನ್. ಕೊನೆಗೆ ಅಡ್ಮಿರಲ್‌ನ ದಂಗೆಯನ್ನು ಮುರಿದವನು ಇನ್ನೊಬ್ಬ ಸೇನಾಧಿಕಾರಿ, ಕ್ಯಾಪ್ಟನ್ ಸಿಸ್ಕೊ. ಸೇನೆಯವರು ಕೆಡಿಸಿದರು, ಸೇನೆಯವರೇ ನೆಟ್ಟಗೆ ಮಾಡಿದರು. ಒಕ್ಕೂಟದ ಸಭೆಯ ಸದಸ್ಯರು ಆ ಹೊತ್ತು ಎಲ್ಲಿದ್ದರೋ, ಯಾರೂ ಕೇಳಲಿಲ್ಲ.

ಆದರೆ ಆ ಕಂತಿನಲ್ಲಿ ನನಗೆ ಒಬ್ಬ ಪ್ರಜೆ ಸಿಕ್ಕ. ಅವನು ಕ್ಯಾಪ್ಟನ್ನನ ಅಪ್ಪ ಜೋಸೆಫ್, ನ್ಯೂ ಆರ್ಲಿಯನ್ಸ್‌ನಲ್ಲಿ ಊಟದ ಹೋಟೆಲು ನಡೆಸುವವನು. ಸೇನಾಧಿಕಾರಿಗಳ ಮನೆಯವರೆಲ್ಲ ತಾವು ಮನುಷ್ಯರೇ ಎಂದು ತೋರಿಸಲು ರಕ್ತ ಕೊಡಬೇಕೆಂದು ಆಜ್ಞೆಯಾದಾಗ ಇವನೊಬ್ಬ ಒಲ್ಲೆ ಎನ್ನುತ್ತಾನೆ. ಪ್ರಮಾಣ ಮಾಡಿದವನು ನನ್ನ ಮಗ, ನಾನಲ್ಲ ಎಂಬುದು ಅವನ ವಾದ. ನೂರೈವತ್ತು ಗ್ರಹಗಳಲ್ಲಿ ಸರ್ಕಾರಕ್ಕೆ ತಿರುಗಿ ಮಾತಾಡಿದ್ದು ಒಬ್ಬ ಖಾನಾವಳಿ ಯಜಮಾನ! ದುರ್ಗದಬೈಲಿನಲ್ಲಿ ಇಂಥವರು ಮಿರ್ಚಿ ಕರಿಯುತ್ತಲೇ ದಿನಕ್ಕೆ ಮೂರು ಸರ್ಕಾರ ಇಳಿಸುತ್ತಾರೆ, ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುವುದರೊಳಗೆ ಎರಡು ಏರಿಸುತ್ತಾರೆ.

ಇಷ್ಟಕ್ಕೆ ಮಾಸ್ತರರು ತಿರುಗಿಬಿದ್ದರು. “ಆತು ಬಿಡ್ರಿ ಸಾಹುಕಾರ್ರ, ನಿಮ್ಮ ಪಾಲಿಕಿ ಪುರಾಣಾನೂ ಸ್ವಲ್ಪ ಓದೂಣಂತ.”

ಓದಿದರು. ಇಪ್ಪತ್ತು ಕಿಲೊಮೀಟರ್ ದೂರದ ಎರಡು ಊರುಗಳನ್ನು 1962ರಲ್ಲಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದು. 2019ರ ಮಾರ್ಚಿನಲ್ಲಿ ಸದಸ್ಯರ ಅವಧಿ ಮುಗಿದದ್ದು. ಮುಂದಿನ ಮತದಾನ 2021ರ ಸೆಪ್ಟೆಂಬರ್ 3ಕ್ಕೆ. ಅರವತ್ತೇಳಿದ್ದ ವಾರ್ಡುಗಳು ಎಂಬತ್ತೆರಡಾದವು, ಆದರೆ ನಡುವಿನ ಎರಡೂವರೆ ವರ್ಷ ಕಾರ್ಪೊರೇಟರ್ ಒಬ್ಬನೂ ಇರಲಿಲ್ಲ. ಆಡಳಿತಾಧಿಕಾರಿ ಕೂತು ಅಪ್ಪಣೆ ಕೊಟ್ಟರು. “ಇದೂ ಕ್ಯಾಪ್ಟನ್ನಿನ ಹಡಗಲ್ಲೇನ್ರಿ?” ಎಂದರು ಮಾಸ್ತರರು. ನಾನೂ ಕನ್ನಡಕ ಒರೆಸಬೇಕಾಯಿತು.

ಅವರು ಬಿಡಲಿಲ್ಲ. ಎಂಬತ್ತೆರಡರಲ್ಲಿ ಬಿಜೆಪಿ 39, ಕಾಂಗ್ರೆಸ್ 33, ಪಕ್ಷೇತರರು 6, ಎಐಎಂಐಎಂ 3, ಜೆಡಿಎಸ್ 1. ಇಷ್ಟು ಮಂದಿ ಗೆದ್ದು, ಹಾರ ಹಾಕಿಸಿಕೊಂಡು, ಮೇಯರ್ ಆಯ್ಕೆಯಾದದ್ದು 2022ರ ಮೇ 28ಕ್ಕೆ. “ನಮ್ಮ ಒಕ್ಕೂಟದಾಗ ಚುನಾವಣಿ ಕಾಣದ ಅಧ್ಯಕ್ಷ ಅಂದ್ರಿ. ನಿಮ್ಮಲ್ಲಿ ಚುನಾವಣಿ ಆತು, ಅಧ್ಯಕ್ಷನ ಕಾಣಲಿಲ್ಲ.” ಮೀಸಲಾತಿ ಪಟ್ಟಿಯ ತಕರಾರು, ಕೋರ್ಟು ಎಂದೆಲ್ಲ ನಾನು ತಡವರಿಸಿದೆ. ಅವರು ಅದಾಗಲೇ ಇನ್ನೊಂದು ಚಹಾ ಹೇಳಿದ್ದರು.

ಸೋಲುವ ಹೊತ್ತಿಗೆ ಹುಬ್ಬಳ್ಳಿಯವನಿಗೆ ಒಂದು ಹಳೆಯ ಸರಕು ನೆನಪಾಗುತ್ತದೆ. ಒಕ್ಕೂಟದವರು ಕಾರ್ಡೇಸಿಯನ್ನರೆಂಬ ನೆರೆಯ ವೈರಿಗಳ ಜೊತೆ ಒಪ್ಪಂದ ಮಾಡಿಕೊಂಡಾಗ ಗಡಿಯ ಕೆಲವು ಗ್ರಹಗಳು ಆ ಕಡೆಗೆ ಹೋಗುತ್ತವೆ. ಅಲ್ಲಿ ನೆಲೆಸಿದವರನ್ನು ಯಾರೂ ಕೇಳಲಿಲ್ಲ. ಎದ್ದುನಿಂತವರಿಗೆ ಮಾಕಿ ಎಂಬ ಹೆಸರು ಬಿತ್ತು; ಸ್ವಂತ ಒಕ್ಕೂಟದವರೇ ಅವರನ್ನು ಅಪರಾಧಿಗಳೆಂದು ಬೆನ್ನಟ್ಟಿದರು. ಗಡಿಗೆರೆಯ ಆ ನೋವು ನಮಗೆ ಹೊಸದಲ್ಲ. ನಾವೂ ಮುಂಬೈ ಪ್ರಾಂತದಲ್ಲಿದ್ದವರು. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆಗೆ ಬಂದ ನಾಯಕರನ್ನು ಮಂದಿ ಸುಮ್ಮನೆ ಒಳಗೆ ಬಿಡಲಿಲ್ಲ. ದೊಡ್ಡ ಗಲಾಟೆಯೇ ಆಯಿತು. ಮೂರು ವರ್ಷಕ್ಕೆ, 1956ರ ನವೆಂಬರ್ 1ಕ್ಕೆ, ನಕಾಶೆ ಬದಲಾಯಿತು. ಕಾಸರಗೋಡಿನವರ ಮಾತು ಬೇರೆ. ಅವರು ಕೇಳಿಕೊಂಡಂತೆ ಗೆರೆ ಬೀಳಲಿಲ್ಲ. ಆದರೆ ಅವರನ್ನು ಯಾರೂ ಹಡಗು ಕಟ್ಟಿಕೊಂಡು ಬೆನ್ನಟ್ಟಲಿಲ್ಲ, ಇವತ್ತಿಗೂ ಸಭೆ ಸೇರಿ ಜಗಳ ಮುಂದುವರಿಸಿದ್ದಾರೆ.

ಮಾಸ್ತರರು ಈ ಮಾತಿಗೆ ಮಾತ್ರ ತಲೆದೂಗಿದರು. ತಲೆದೂಗಿ ಮುಗಿಯುವುದರೊಳಗೆ ಬಾಣ ಬಿಟ್ಟರು. “2025ರ ಜನವರಿಯಾಗ ಸಚಿವ ಸಂಪುಟ ಧಾರವಾಡಕ್ಕ ಬ್ಯಾರೆ ಪಾಲಿಕಿ ಒಪ್ಪಿತಲ್ಲ, ನೆನಪದ ಇಲ್ಲೋ? ಒಕ್ಕೂಟದ ಮೊದಲನೇ ನಿಯಮ ಏನಂದ್ರ, ಇನ್ನೂ ಬೆಳೀದಿರೋ ನಾಗರಿಕತಿಗಳ ಉಸಾಬರಿಗೆ ಹೋಗಬಾರದು. ಹಂಗಾಗಿ ಇನ್ನ ಹುಬ್ಬಳ್ಳಿ ವಿಷಯದಾಗ ನಾವು ಕೈ ಹಾಕೂದಿಲ್ಲ.”

“ಛಲೋ ಆತು. ಸವದತ್ತಿಯಿಂದ ಬರೋ ಮಲಪ್ರಭಾ ನೀರು? ಅದು ಯಾವ ಗ್ರಹದ ಪಾಲು?”

“ಅದಕ್ಕೊಂದು ಕಮಿಟಿ ಮಾಡೂಣು,” ಎಂದರು ಮಾಸ್ತರರು. “ನೀವು ಅದರಾಗ ಇರಬ್ಯಾಡ್ರಿ.”