ಕಾಳಿಯ ಯಜಮಾನರು

ಮಹಾಪ್ರಸ್ಥಾನದ ಕಡೆಯಲ್ಲಿ ಧರ್ಮರಾಯನು, ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ತಾನೊಬ್ಬನೇ ರಥವನ್ನೇರಲೊಲ್ಲೆನೆಂದು ಹಟ ಹಿಡಿದು ನಿಂತ ಪ್ರಸಂಗವನ್ನು ಓದಿದವರೆಲ್ಲರೂ ಅವನ ಕರುಣೆಯನ್ನು ಕೊಂಡಾಡುತ್ತಾರೆಯೇ ಹೊರತು, ರಥವನ್ನು ತಂದು ನಿಲ್ಲಿಸಿದ ಇಂದ್ರನ ಅವಸ್ಥೆಯನ್ನು ಕುರಿತು ಯಾರೂ ಒಂದು ಗಳಿಗೆಯಾದರೂ ಚಿಂತಿಸಿದುದನ್ನು ನಾನು ಕಾಣೆ. ನಾಯಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ಆತನು ಹೇಳಿದುದು ಧರ್ಮರಾಯನ ಸತ್ತ್ವವನ್ನು ಒರೆಗೆ ಹಚ್ಚುವುದಕ್ಕಾಗಿಯೇ ಎಂದು ಪೌರಾಣಿಕರು ವ್ಯಾಖ್ಯಾನ ಮಾಡುತ್ತಾರೆ. ಇರಬಹುದು. ಆದರೆ ಶುಭ್ರವಾದ ಪೀತಾಂಬರವನ್ನುಟ್ಟು, ಹಿಮಾಲಯದ ಕೆಸರನ್ನೆಲ್ಲ ಕಾಲಿಗೆ ಮೆತ್ತಿಕೊಂಡು ಬಂದಿದ್ದ ಆ ಪ್ರಾಣಿಯ ಪಕ್ಕದಲ್ಲಿ ಕುಳಿತು ಅಮರಾವತಿಯವರೆಗೆ ಪ್ರಯಾಣ ಮಾಡಬೇಕಾಗಿದ್ದವನು ಇಂದ್ರನೇ ಹೊರತು ಪೌರಾಣಿಕರಲ್ಲ. ಆತನ ಆಕ್ಷೇಪಣೆಯಲ್ಲಿ ಪರೀಕ್ಷೆ ಎಷ್ಟಿದ್ದಿತು, ಪ್ರಾಮಾಣಿಕವಾದ ಸಂಕಟ ಎಷ್ಟಿದ್ದಿತು ಎಂಬುದನ್ನು ಬಲ್ಲವರು ನಾಯಿ ಸಾಕಿದವರ ನೆರೆಮನೆಯಲ್ಲಿ ವಾಸಿಸುವವರು ಮಾತ್ರ.

ನನಗೆ ಈ ಜ್ಞಾನವು ಪ್ರಾಪ್ತವಾದುದು ಮೈಸೂರಿನ ಸರಸ್ವತೀಪುರದಲ್ಲಿ. ನಮ್ಮ ನೆರೆಯ ಮೇಷ್ಟ್ರು ಬಹುಕಾಲ ಇತಿಹಾಸವನ್ನು ಬೋಧಿಸಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅವರ ಕೊಡೆಯ ತುದಿ ಗೇಟಿನಲ್ಲಿ ಕಾಣಿಸಿಕೊಂಡೊಡನೆ ಶಾಲೆಯ ಗದ್ದಲವೆಲ್ಲ ಅಡಗಿಹೋಗುತ್ತಿದ್ದಿತೆಂದು ಅವರ ಹಳೆಯ ಶಿಷ್ಯರು, ತಮ್ಮ ತಲೆಯೂ ನರೆತಿರುವ ಈ ಕಾಲದಲ್ಲಿಯೂ, ದನಿಯನ್ನು ತಗ್ಗಿಸಿಕೊಂಡು ಹೇಳುತ್ತಾರೆ. ಅಂಥವರು ನಾಯಿಮರಿಯೊಂದನ್ನು ತಂದರೆಂದು ತಿಳಿದಾಗ, ಜಗತ್ತಿನಲ್ಲಿ ಒಂದು ನಾಯಿಯಾದರೂ ಶಿಸ್ತನ್ನು ಕಲಿಯುವುದೆಂದು ನಮ್ಮ ಬೀದಿಯವರೆಲ್ಲ ಸಂತೋಷಪಟ್ಟೆವು. ನಾಯಿ ಬದಲಾಗಲಿಲ್ಲ. ಮೇಷ್ಟ್ರು ಬದಲಾದರು.

ನಾಯಿಯು ಮುಧೋಳದ ತಳಿಯದು. ಅಥವಾ ಹಾಗೆಂದು ಮೇಷ್ಟರ ಸಿದ್ಧಾಂತ. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಮರಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಒಪ್ಪಿಸಿದುದನ್ನೂ, 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದುದನ್ನೂ, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವೊಂದು ನಡೆಯುತ್ತಿರುವುದನ್ನೂ, ಹಾಲಿನವನಿಂದ ಮೊದಲುಗೊಂಡು ವಿದ್ಯುತ್ತಿನ ಮೀಟರು ನೋಡಲು ಬರುವವನವರೆಗೆ ಎಲ್ಲರೂ ನಿಂತು ಕೇಳಿಯೇ ಮುಂದೆ ಹೋಗಬೇಕು. ಕೃಶವಾದ ಸೊಂಟ, ನೀಳವಾದ ಮೂತಿ, ಎರಡಡಿಗೂ ಮಿಕ್ಕ ಎತ್ತರ ಇವೆಲ್ಲವೂ ಲಕ್ಷಣಗ್ರಂಥಕ್ಕೆ ಒಪ್ಪುವಂತೆಯೇ ಇವೆ. ಬಾಲ ಮಾತ್ರ ನಮ್ಮ ಬೀದಿಯ ಯಾವುದೋ ಪೂರ್ವಜನನ್ನು ನೆನೆದು ಮೇಲಕ್ಕೆ ಸುತ್ತಿಕೊಂಡಿದೆ. ಆ ವಿಷಯವನ್ನು ಎತ್ತಿದವರಿಗೆ ಮೇಷ್ಟರ ಮನೆಯಲ್ಲಿ ಮತ್ತೆ ಕಾಫಿ ಇಲ್ಲ.

ಅದರ ಬಣ್ಣ ಗೋಧಿಯದು, ಹೆಸರು ಕಾಳಿ. ಗಂಡುನಾಯಿಗೆ, ಅದರಲ್ಲಿಯೂ ಬೆಳ್ಳಗಿನ ನಾಯಿಗೆ, ಇದೇನು ಹೆಸರೆಂದು ಕೇಳುವ ಅವಿವೇಕವನ್ನು ತೋರಿದವರು ಕ್ರಿ.ಶ. 949-50ಕ್ಕೆ ಹೋಗಿ ಬರಬೇಕಾಗುತ್ತದೆ. ತಕ್ಕೋಲದ ಕಾಳಗದಲ್ಲಿ ಚೋಳರ ಮೇಲೆ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ, ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯು ಮುಂದೆ ಹಂದಿಯೊಂದರೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಮದ್ದೂರು ಸೀಮೆಯ ಆತಕೂರಿನಲ್ಲಿ ಅದಕ್ಕೊಂದು ವೀರಗಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಶಾಸನದಲ್ಲಿ ಒಂದು ಕಟ್ಟಳೆಯುಂಟು: ಅಲ್ಲಿಯ ಪೂಜೆಯ ಗೊರವನು ನಾಯಿಯ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುವುದು. ಈ ಭಾಗವನ್ನು ಹೇಳುವಾಗ ಮೇಷ್ಟರ ಕಣ್ಣಿನಲ್ಲಿ ಒಂದು ಬೆಳಕು ಬರುತ್ತದೆ. ಅದೇಕೆಂಬುದು ನನಗೆ ತಡವಾಗಿ ತಿಳಿಯಿತು.

ಇಷ್ಟು ಹಳಗನ್ನಡದ ಹೆಸರನ್ನಿಟ್ಟ ಮೇಲೆ, ಪ್ರತಿ ನವೆಂಬರಿನಲ್ಲಿಯೂ ರಾಜ್ಯೋತ್ಸವದ ವೇದಿಕೆಯನ್ನೇರಿ ಪರಭಾಷಾವ್ಯಾಮೋಹವನ್ನು ಖಂಡಿಸುವ ಮೇಷ್ಟ್ರು, ನಾಯಿಯೊಡನೆ ಮಾತ್ರ ಇಂಗ್ಲಿಷಿನಲ್ಲಿ ವ್ಯವಹರಿಸುತ್ತಾರೆ. ಸಿಟ್, ಸ್ಟೇ, ಕಮ್, ನೋ, ಕಾಳಿ, ನೋ! ಕಾಳಿಯು ಈ ಆಜ್ಞೆಗಳನ್ನು ಒಂದು ಕಿವಿಯನ್ನೆತ್ತಿ ವಿನಯದಿಂದ ಆಲಿಸುತ್ತದೆ, ಪಾಲಿಸುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಮೇಷ್ಟರ ಮನೆಯವರು ಸೌಟನ್ನು ಹಿಡಿದು ಬಂದು, “ಕೂತ್ಕೊಳೋ, ಮುಂಡೇದೆ!” ಎಂದು ಒಮ್ಮೆ ಹೇಳಿದರೆ ಸಾಕು, ಕುಳಿತುಬಿಡುತ್ತದೆ. ಇದನ್ನು ಮೇಷ್ಟ್ರು ತಮ್ಮ ತರಬೇತಿಯ ಫಲವು ಸ್ವಲ್ಪ ವಿಳಂಬವಾಗಿ ಪ್ರಕಟವಾದುದೆಂದು ಪರಿಗಣಿಸುತ್ತಾರೆ.

ನಾಯಿ ಸಾಕಿದವರೆಲ್ಲರಿಗೂ ಸಾಮಾನ್ಯವಾದ ಕೆಲವು ಧರ್ಮಗಳು ಅವರಲ್ಲಿಯೂ ಉಂಟು. “ಏನೂ ಮಾಡುವುದಿಲ್ಲ, ಬನ್ನಿ” ಎಂಬುದು ಸ್ವಾಗತವಚನ. ಅದು ಮುಂಗಾಲುಗಳೆರಡನ್ನೂ ನನ್ನ ಹೆಗಲ ಮೇಲಿಟ್ಟು ನಿಂತಾಗ, “ಆಟಕ್ಕೆ” ಎನ್ನುತ್ತಾರೆ. ಪಂಚೆಯ ಅಂಚು ಹರಿದಮೇಲೆ, “ನೀವು ಹೆದರಿದಿರಲ್ಲ, ಅದಕ್ಕೇ” ಎಂದು ತಪ್ಪನ್ನು ಅದರ ನಿಜವಾದ ಸ್ಥಾನದಲ್ಲಿ ಸ್ಥಾಪಿಸುತ್ತಾರೆ. ನಾನು ಹೆದರುವವನೇ, ಅದರಲ್ಲಿ ಸಂದೇಹವಿಲ್ಲ. ನಮ್ಮ ಬಾಲ್ಯದಲ್ಲಿ ನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ 14 ಸಲ ಸೂಜಿ ಚುಚ್ಚುತ್ತಿದ್ದರು. ಆ ಕಥೆಗಳನ್ನು ಕೇಳಿ ಬೆಳೆದವನ ಹೊಟ್ಟೆಯು ನಾಯಿಯನ್ನು ಕಂಡೊಡನೆ ತಾನಾಗಿಯೇ ಒಳಕ್ಕೆ ಸರಿಯುತ್ತದೆ. ಈಗ ಹಾಗಿಲ್ಲ, ತೋಳಿಗೆ ನಾಲ್ಕೈದು ಚುಚ್ಚಿದರೆ ಮುಗಿಯಿತು ಎಂದು ಮೇಷ್ಟ್ರು ಅಭಯವನ್ನು ಕೊಡುತ್ತಾರೆ. ನನಗೆ ಅಭಯ ಬೇಕಾಗಿರುವುದು ಆ ದಿಕ್ಕಿನಿಂದಲ್ಲ.

ಬೆಳಗಿನ ಸಂಚಾರದಲ್ಲಿ ಕಾಳಿಯು ಯಾರದಾದರೂ ಸ್ಕೂಟರಿನ ಚಕ್ರದ ಬಳಿ ನಿಂತು ಹಿಂಗಾಲನ್ನೆತ್ತುವ ಕ್ಷಣದಲ್ಲಿ ಮೇಷ್ಟರಿಗೆ ಆಕಾಶದಲ್ಲಿ ಯಾವುದೋ ಅಪೂರ್ವವಾದ ಪಕ್ಷಿ ಕಾಣಿಸುತ್ತದೆ. ಭಾನುವಾರಗಳಂದು ಹೊಂಗೆಯ ನೆರಳಿನಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ನಾಯಿಯ ಕಿವಿಯ ಮಡಿಕೆಗಳಿಂದ ಉಣುಗುಗಳನ್ನು ಹೆಕ್ಕಿ ಸೋಪಿನ ನೀರಿನ ಬಟ್ಟಲಿಗೆ ಹಾಕುತ್ತಾ, ಹಿಂದೆ ಉತ್ತರಪತ್ರಿಕೆಗಳನ್ನು ಎಣಿಸುತ್ತಿದ್ದ ಶ್ರದ್ಧೆಯಿಂದ ಎಣಿಸುತ್ತಾರೆ. ಪಾರ್ವೊ, ಡಿಸ್ಟೆಂಪರು, ರೇಬಿಸ್‌ಗಳ ಲಸಿಕೆಯ ತಾರೀಖುಗಳೆಲ್ಲ ನಾಲಗೆಯ ತುದಿಯಲ್ಲಿವೆ. ಮೊಮ್ಮಗನ ಹುಟ್ಟುಹಬ್ಬವನ್ನು ಜ್ಞಾಪಿಸುವುದಕ್ಕೆ ಮನೆಯವರು ಬೇಕು. ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ಬೆದರಿ ಕಾಳಿಯು ಮಂಚದ ಕೆಳಗೆ ಸೇರಿದರೆ, ಮೇಷ್ಟರೂ ಒಂದು ದಿಂಬನ್ನೆತ್ತಿಕೊಂಡು ಅಲ್ಲಿಗೇ ಹೋಗುತ್ತಾರೆಂದು ಅವರ ಮನೆಯವರು ನನ್ನ ಹೆಂಡತಿಗೆ ಹೇಳಿದುದುಂಟು. ಇದನ್ನು ನಾನು ಬರೆಯಬಾರದಾಗಿತ್ತು.

ಆದರೆ ನನ್ನ ನಿಜವಾದ ದುಃಖವು ಬೇರೆ. ಕಳೆದ ಮಾಘಮಾಸದಲ್ಲಿ ಶಿರಸಿಯ ಕಡೆಯ ಬಂಧುಗಳ ಮನೆಯಲ್ಲಿ ಮದುವೆಯೊಂದು ಒದಗಿ, ದಂಪತಿಗಳಿಬ್ಬರೂ ಹೋಗಲೇಬೇಕಾಗಿ ಬಂದು, ಹಣ ತೆಗೆದುಕೊಂಡು ನಾಯಿಗಳನ್ನು ಇರಿಸಿಕೊಳ್ಳುವ ಸ್ಥಳಗಳನ್ನು ಮೇಷ್ಟ್ರು ಒಂದೊಂದಾಗಿ ನೋಡಿ, ಒಂದರಲ್ಲಿ ಗಾಳಿಯಿಲ್ಲವೆಂದೂ ಇನ್ನೊಂದರಲ್ಲಿ ಸಂಸ್ಕಾರವಿಲ್ಲವೆಂದೂ ತಿರಸ್ಕರಿಸಿ, ಕೊನೆಗೆ ಒಂದು ಸಂಜೆ ಹಗ್ಗ, ತಟ್ಟೆ, ಹಾಸಿಗೆ, ಹಲ್ಲಿನ ಗುರುತುಗಳುಳ್ಳ ಒಂದು ಚಪ್ಪಲಿ ಇಷ್ಟರೊಡನೆ ಕಾಳಿಯನ್ನು ನಮ್ಮ ಜಗಲಿಗೆ ಕರೆತಂದರು. ನನ್ನ ಹೆಂಡತಿಯು ಸಂತೋಷದಿಂದ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ. ಆದುದರಿಂದ ನಾನು ಒಪ್ಪಲಿಲ್ಲವೆಂದು ಹೇಳುವ ಅವಕಾಶವೂ ಬರಲಿಲ್ಲ.

ಸಾಮಾನುಗಳೊಡನೆ ಒಂದು ಸೂಚನಾಪತ್ರವಿದ್ದಿತು: ದುಂಡಾದ ಅಕ್ಷರ, ಅಂಚಿಗೆ ಕೆಂಪು ಶಾಯಿಯ ಗೆರೆ. ಈರುಳ್ಳಿಯು ನಾಯಿಯ ರಕ್ತದ ಕೆಂಪು ಕಣಗಳನ್ನು ಕೆಡಿಸುವುದರಿಂದಲೂ, ದ್ರಾಕ್ಷಿಯು ಮೂತ್ರಪಿಂಡಗಳಿಗೆ ವಿಷವಾದುದರಿಂದಲೂ, ಇವೆರಡನ್ನೂ ಬೆಳ್ಳುಳ್ಳಿ ಚಾಕೊಲೇಟುಗಳನ್ನೂ ಅದರ ಬಾಯಿಗೆ ಸೋಕಿಸಕೂಡದು. ನಮ್ಮ ಮನೆಯ ಹುಳಿಯಲ್ಲಿ ಈರುಳ್ಳಿಯಿಲ್ಲದ ದಿನವಿಲ್ಲ. ಎರಡು ಬಗೆಯ ಅಡುಗೆ ಯಾರು ಮಾಡುತ್ತಾರೆ? ನಮ್ಮ ತಾಯಿಯವರು ಚಾತುರ್ಮಾಸ್ಯದಲ್ಲಿ ಎಷ್ಟು ಬೇಡಿಕೊಂಡರೂ ಬಿಡದಿದ್ದ ಈರುಳ್ಳಿಯನ್ನು ನಾವು ಕಾಳಿಗಾಗಿ ಬಿಟ್ಟೆವು. ಮುಂದಿನ ಸೂಚನೆ: ಬಿಸಿಲಿಗೆ ಕಾದ ಡಾಂಬರಿನಿಂದ ಅಂಗಾಲು ಸುಡುವುದಾದ ಕಾರಣ, ಹೊರಡುವ ಮುನ್ನ ರಸ್ತೆಗೆ ಮುಂಗೈಯ ಹಿಂಬದಿಯನ್ನು ಊರಿ ಪರೀಕ್ಷಿಸತಕ್ಕದ್ದು. ನಾನು ನಡುಬೀದಿಯಲ್ಲಿ ಬಗ್ಗಿ ಭೂಸ್ಪರ್ಶ ಮಾಡುತ್ತಿದ್ದುದನ್ನು ಕಂಡ ಎದುರುಮನೆಯವರು, ನನಗೆ ಯಾವುದೋ ವ್ರತವಿರಬೇಕೆಂದು ಭಾವಿಸಿ ಕೈಮುಗಿದರು.

ಹೊಟ್ಟೆಯ ಹುಳುವಿನ ಮಾತ್ರೆಯನ್ನು ಇಡ್ಲಿಯಲ್ಲಿ ಹುದುಗಿಸಿ ಕೊಡುವುದೆಂದಿದ್ದಿತು. ಕಾಳಿಯು ಇಡ್ಲಿಯನ್ನು ತಿಂದು, ಮಾತ್ರೆಯನ್ನು ತೊಳೆದಿಟ್ಟಷ್ಟು ನಿರ್ಮಲವಾಗಿ ನೆಲದ ಮೇಲೆ ಬಿಟ್ಟಿತು. ತುಪ್ಪ ಹಚ್ಚಿದೆವು, ತುಪ್ಪ ಹೋಯಿತು, ಮಾತ್ರೆ ಉಳಿಯಿತು. ಬೆಲ್ಲದಲ್ಲಿಟ್ಟೆವು, ಬಾಳೆಹಣ್ಣಿನಲ್ಲಿಟ್ಟೆವು. ಕಡೆಗೆ ನಾನು ಸಿಟ್ಟಿನಿಂದ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆದಾಗ, ಅದು ಗಾಳಿಯಲ್ಲಿಯೇ ನೆಗೆದು ಹಿಡಿದು ನುಂಗಿತು. ಓಡುವುದನ್ನೂ ಹಾರುವುದನ್ನೂ ಬಿಡಲಾರದ ಜಾತಿ ಅದು. ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ತಳಿಯೆಂಬುದನ್ನು ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ಆ ತತ್ತ್ವದ ಪ್ರಯೋಗವು ಮರುದಿನ ಸಂಜೆ, ಬೆಕ್ಕೊಂದು ರಸ್ತೆಯನ್ನು ದಾಟಿದಾಗ, ನನ್ನ ಮೇಲೆಯೇ ಆಯಿತು. ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳಬೇಕೆಂಬ ಸೂಚನೆಯನ್ನು ನಾನು ಶಿರಸಾವಹಿಸಿ ಪಾಲಿಸಿದ್ದೆನಾದ್ದರಿಂದ, ಬೆಕ್ಕಿನ ಹಿಂದೆ ನಾಯಿಯೂ ನಾಯಿಯ ಹಿಂದೆ ನಾನೂ, ಎರಡು ಅಡ್ಡರಸ್ತೆಗಳನ್ನೂ ಒಂದು ತರಕಾರಿಯ ಗಾಡಿಯನ್ನೂ ಹಿಂದಿಕ್ಕಿ ಹೋದೆವು. ವಾಯುಸೇವನೆಗೆ ಹೊರಟಿದ್ದ ನಿವೃತ್ತರ ಗುಂಪಿನಿಂದ, “ಈ ವಯಸ್ಸಿನಲ್ಲೂ ಓಟ! ಭೇಷ್!” ಎಂಬ ಪ್ರಶಂಸೆಯೊಂದು ಕಿವಿಗೆ ಬಿದ್ದಿತು. ನಿಂತು ವಂದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಂದು ರಾತ್ರಿ ಕಾಳಿಯು ಉಣ್ಣಲಿಲ್ಲ. ತಟ್ಟೆಯನ್ನು ಮೂಸಿಯೂ ನೋಡದೆ ಗೇಟಿನ ಕಡೆಗೆ ಮುಖ ಮಾಡಿ ಮಲಗಿತು. ಸಮಾಧಾನದ ಮಾತು ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ ನಾನು ಕುಳಿತಿದ್ದಾಗ ಶಿರಸಿಯಿಂದ ಫೋನು ಬಂದಿತು. ಹಿನ್ನೆಲೆಯಲ್ಲಿ ಪಂಕ್ತಿಯ ಗಲಾಟೆ; ಯಾರೋ “ಅನ್ನ ಆರಿಹೋಗುತ್ತದೆ, ಎಲೆಯ ಮುಂದೆ ಕುಳಿತು ಫೋನೇನು” ಎಂದು ಗದರಿಸುತ್ತಿದ್ದರು. ಮೇಷ್ಟ್ರು ಕೇಳಿದುದು ಒಂದೇ ಮಾತು: ಅವನು ಉಂಡನೇ? ಇಲ್ಲವೆಂದೆ. “ಫೋನನ್ನು ಅವನ ಕಿವಿಗೆ ಹಿಡಿಯಿರಿ” ಎಂದರು. ಹಿಡಿದೆ. ಸಿಟ್, ಸ್ಟೇಗಳ ಪೈಕಿ ಯಾವುದಾದರೂ ಬರುವುದೆಂದು ಕಾದಿದ್ದ ನನಗೆ ಕೇಳಿಸಿದುದು, “ಊಟ ಮಾಡೋ ಮರಿ, ನಾಳಿದ್ದು ಬಂದ್ಬಿಡ್ತೀನಿ ಕಂದ” ಎಂಬ ಶುದ್ಧ ಕನ್ನಡ. ಕಾಳಿಯು ಫೋನಿನ ಹಿಂದುಗಡೆಯನ್ನು ಒಮ್ಮೆ ಪರೀಕ್ಷಿಸಿ, ನಿಟ್ಟುಸಿರಿಟ್ಟು, ಎದ್ದು ಹೋಗಿ ಅರ್ಧ ತಟ್ಟೆ ಮೊಸರನ್ನವನ್ನು ತಿಂದಿತು. ನಾನು ವರದಿಯನ್ನೊಪ್ಪಿಸಿದ ಮೇಲೆ, ಅತ್ತ ಕಡೆಯಲ್ಲಿ ಮೇಷ್ಟ್ರು ಪರಿಷೇಚನೆಗೆ ನೀರನ್ನು ಕೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ಆತಕೂರಿನ ಗೊರವನ ಕಟ್ಟಳೆಯು ಸಾವಿರ ವರ್ಷಗಳ ಮೇಲೆಯೂ ಊರ್ಜಿತದಲ್ಲಿದೆ.

ಅವರು ಹಿಂದಿರುಗಿದ ದಿನದ ಸಂಭ್ರಮವನ್ನು ವರ್ಣಿಸಲಾರೆ. ಯಾರು ಯಾರನ್ನು ನೆಕ್ಕಿದರೆಂಬುದು ನಿಶ್ಚಯವಾಗಿ ತಿಳಿಯಲಿಲ್ಲ. ಕೆಲವು ದಿನಗಳ ಮೇಲೆ ಒಂದು ಸಂಜೆ, ಜಗಲಿಯ ಮೇಲೆ ಕುಳಿತಿದ್ದಾಗ, ಮೇಷ್ಟ್ರು ತಾವಾಗಿಯೇ ಹೇಳಿದರು: “ಈ ಜಾತಿಗೆ ಹನ್ನೆರಡು ಹದಿಮೂರು ವರ್ಷ ಆಯುಸ್ಸು. ಅವನಿಗೀಗ ನಾಲ್ಕು. ನನಗೆ ಎಪ್ಪತ್ತಾರು. ಎಷ್ಟು ಸಲ ಕೂಡಿದರೂ ಲೆಕ್ಕ ಸರಿಹೋಗುವುದಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ನಾಯಿಗೆ ಯಜಮಾನನು ಕಲ್ಲು ನಿಲ್ಲಿಸಿದ್ದಕ್ಕೆ ಶಾಸನದ ಆಧಾರವಿದೆ; ಯಜಮಾನನಿಗೆ ನಾಯಿ ನಿಲ್ಲಿಸಿದ್ದಕ್ಕಿಲ್ಲ” ಎಂದು ನಕ್ಕರು. ಐವತ್ತು ಮಕ್ಕಳ ತರಗತಿಯನ್ನು ಒಂದು ನೋಟದಿಂದ ಆಳಿದ ಮನುಷ್ಯನಿಗೆ, ತಾನು ಬರುವುದನ್ನು ಕಂಡು ಅಡಗಿಕೊಳ್ಳದೆ ಓಡಿಬರುವ ಒಂದು ಜೀವವು ದೊರೆತುದು ಎಪ್ಪತ್ತು ದಾಟಿದ ಮೇಲೆ. ಅದನ್ನು ಅವರು ಶಿಸ್ತಿಗೆ ಒಳಪಡಿಸಲಿಲ್ಲವೆಂದು ನಾವು ಬೀದಿಯವರು ಇಷ್ಟು ಕಾಲ ಆಡಿಕೊಂಡೆವು. ಭಯದಿಂದ ಪಡೆದ ವಿಧೇಯತೆಗೂ ಪ್ರೀತಿಯಿಂದ ಪಡೆದ ಅವಿಧೇಯತೆಗೂ ಇರುವ ತಾರತಮ್ಯವನ್ನು ಕುರಿತು ಆ ರಾತ್ರಿ ನಾನು ಬಹಳ ಹೊತ್ತು ಯೋಚಿಸುತ್ತಿದ್ದೆ; ಆ ಯೋಚನೆಯು ಇನ್ನೂ ಉನ್ನತವಾದ ಮಟ್ಟಕ್ಕೆ ಏರುತ್ತಿದ್ದಿತೋ ಏನೋ, ಪಕ್ಕದ ಮನೆಯಲ್ಲಿ ಕಾಳಿಯು ಚಂದ್ರನನ್ನು ಕಂಡು ಊಳಿಡಲು ಆರಂಭಿಸಿತು.

ಆಯುಸ್ಸಿನ ಲೆಕ್ಕವನ್ನು ಮೇಷ್ಟ್ರು ಹೇಗೆ ಸರಿದೂಗಿಸಿದ್ದಾರೆಂಬುದು ನನಗೆ ತಿಳಿದುದು ಮೊನ್ನೆ, ಅದೂ ತರಕಾರಿಯವಳ ಬಾಯಿಂದ: ತಮ್ಮ ಅನಂತರ ಕಾಳಿಯು ನನಗೆ ಸೇರತಕ್ಕದ್ದೆಂದು ಅವರು ಬೀದಿಗೆಲ್ಲ ಹೇಳಿದ್ದಾರಂತೆ. ಕೇಳಿಬಿಡೋಣವೆಂದು ನಾನು ಹೊರಡುವಷ್ಟರಲ್ಲಿ ಅವರೇ ಬಂದರು. ಹೆಣ್ಣು ಕೊಡುವವರು ವರನ ಮನೆಯನ್ನು ನೋಡಲು ಬಂದಾಗಿನ ಗಾಂಭೀರ್ಯದಿಂದ ಹಿತ್ತಿಲನ್ನೆಲ್ಲ ಒಂದು ಸುತ್ತು ಸುತ್ತಿ, ನೆರಳಿದೆಯೇ, ನೀರಿನ ತೊಟ್ಟಿಗೆ ಮುಚ್ಚಳವಿದೆಯೇ ಎಂದು ನೋಡಿ, ಕೊನೆಗೆ ಹಿಂಭಾಗದ ಗೋಡೆಯ ಬಳಿ ನಿಂತು, ಕೊಡೆಯಿಂದ ಅದರ ಎತ್ತರವನ್ನು ಅಳೆದು, “ಇದು ಸಾಲದು, ಅವನು ಹಾರುತ್ತಾನೆ, ಎರಡಡಿ ಏರಿಸಿಬಿಡಿ” ಎಂದರು. ಗಾರೆಯವನನ್ನು ಸೋಮವಾರ ತಾವೇ ಕಳುಹಿಸಿಕೊಡುತ್ತಾರಂತೆ. ಖರ್ಚು ನನ್ನದು.