ಕಂಡೆನ್ಸರ್ ರಾಯರು

ಪಿಂಚಣಿ ಬಂದ ಮರುದಿನ ರೇಡಿಯೊ ರಾಯರನ್ನು ಹುಡುಕಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಬೇಕು. ಮನೆಗೆ ಮರಳುವಾಗ ಜೇಬಿನಲ್ಲಿ 0.022 ಮೈಕ್ರೊಫ್ಯಾರಡ್, 630 ವೋಲ್ಟಿನ ಕಂಡೆನ್ಸರುಗಳ ಪೊಟ್ಟಣ ಇರುತ್ತದೆ. ತರಹೇಳಿದ್ದ ಕೊತ್ತಂಬರಿ ಸೊಪ್ಪು ಇರುವುದಿಲ್ಲ.

ನಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಮರ್ಫಿಯೋ ಬುಷ್ಷೋ ರೇಡಿಯೊ ಬಿದ್ದಿದೆ ಎಂದು ನೀವು ಬಾಯಿತಪ್ಪಿ ಅಂದರೆ ಸಾಕು, ಸಂಜೆಯೊಳಗೆ ಅವರು ನಿಮ್ಮ ಮನೆಯ ಏಣಿಯ ಮೇಲಿರುತ್ತಾರೆ. “ಪ್ಲಗ್ ಹಾಕಿ ನೋಡಿದ್ರಾ?” ಹೌದು ಎಂದಿರೋ, ಕೆಟ್ಟಿರಿ. ಒಳಗಿನ ಮೇಣದ ಕಾಗದದ ಕಂಡೆನ್ಸರು ಅಷ್ಟೂ ಮಳೆಗಾಲಗಳ ತೇವ ಕುಡಿದು ಕೂತಿದೆಯಂತೆ. ಡಿಸಿ ತಡೆಯಬೇಕಾದದ್ದು ಈಗ ಸೋರುತ್ತದೆ. ಸೋರಿದ ವೋಲ್ಟೇಜು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ತಗಲಿತೋ, ಪಾಪದ ಇಎಲ್ 84 ಮೈಮೇಲೆ ದೇವರು ಬಂದವರ ಹಾಗೆ ಕರೆಂಟು ಎಳೆದು, ತಾನೂ ಕೆಂಪಗೆ ಕಾದು, ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತದೆ. “ಇಷ್ಟಕ್ಕೂ ಕಾರಣ ಬೆರಳುದ್ದದ ಒಂದು ಕಂಡೆನ್ಸರ್ ಸ್ವಾಮಿ!” ಅಷ್ಟರಲ್ಲಿ ನೀವು ಕೊಟ್ಟ ಕಾಫಿ ಆರಿರುತ್ತದೆ.

ಅವರೇ ಆದರೆ ಮೊದಲು 60 ವ್ಯಾಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕುತ್ತಾರೆ. ಬಲ್ಬು ಝಗ್ಗನೆ ಹೊತ್ತಿ ಹಾಗೇ ಉರಿದರೆ ಒಳಗೆಲ್ಲೋ ಶಾರ್ಟು. ಹೊತ್ತಿ ಮಂಕಾದರೆ ಮುಂದುವರಿಯಬಹುದು. ಎಲ್‌ಇಡಿಯಿಂದ ಈ ಕೆಲಸ ಆಗದು. ಹಳೇ ತಂತಿಯ ಬಲ್ಬು ಸಿಗದೆ ದೇವರಮನೆಯದನ್ನೇ ಬಿಚ್ಚಿ ಒಯ್ದದ್ದೂ ಉಂಟು.

ಕೆಟ್ಟ ಕಂಡೆನ್ಸರನ್ನು ರಾಯರು ಎಸೆಯುವುದಿಲ್ಲ. ಸೊಸೆಯ ಹೇರ್ ಡ್ರೈಯರಿನಿಂದ ಮೇಣ ಕರಗಿಸಿ, ಒಳಗಿನ ಕರುಳು ಎಳೆದು, ಹೊಸದನ್ನು ಆ ಹಳೇ ಕೊಳವೆಯಲ್ಲೇ ತುರುಕಿ, ಮೇಲೆ ಮತ್ತೆ ಮೇಣ ಹುಯ್ಯುತ್ತಾರೆ. ಹಿಂಬದಿಯ ಹಲಗೆ ಮುಚ್ಚಿದ ಮೇಲೆ ನರಮನುಷ್ಯರ ಕಣ್ಣಿಗೆ ಬೀಳದ ಜಾಗ ಅದು.

“ಯಾರು ನೋಡ್ತಾರೆ ರಾಯರೇ?”

“ನಾಳೆ ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿದರೆ?”

ಆ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ಅವನ ಮುಂದೆ ಮರ್ಯಾದೆ ಹೋಗಬಾರದು, ಅಷ್ಟೆ.

ಈ ವಿದ್ಯೆ ರೇಡಿಯೊಗೇ ನಿಲ್ಲುವುದಿಲ್ಲ. ಫ್ಯಾನು ನಿಧಾನವಾದರೂ ಕಂಡೆನ್ಸರು, ಮೊಮ್ಮಗನ ಮಾರ್ಕು ಇಳಿದರೂ ಕಂಡೆನ್ಸರು. ರಾಮನವಮಿಯ ಭಜನೆಯಲ್ಲಿ ಕಣ್ಣುಮುಚ್ಚಿ ನಿಂತಿದ್ದರು. ಭಕ್ತಿ ಅಂದುಕೊಂಡೆವು. ಮಂಗಳಾರತಿ ಮುಗಿದೊಡನೆ ಹೇಳಿದರು: “ಆಂಪ್ಲಿಫೈಯರ್ ಗುಂಯ್ ಅಂತಿದೆ, ಫಿಲ್ಟರ್ ಕಂಡೆನ್ಸರ್ ಒಣಗಿದೆ.”

ಕೊನೆಗೊಂದು ದಿನ ರೇಡಿಯೊ ಹಾಡುತ್ತದೆ. ಸ್ಟೇಷನ್ ಸಿಕ್ಕಿದ್ದನ್ನು ತೋರಿಸುವ ಮ್ಯಾಜಿಕ್ ಐ ಹಸಿರಾಗುತ್ತದೆ. 612ರಲ್ಲಿ ಬೆಂಗಳೂರು ಆಕಾಶವಾಣಿ ಬರುತ್ತದೆ. ಇನ್ನಾದರೂ ಕೂತು ಕೇಳುತ್ತಾರೆಂದು ನಾವು ಕುರ್ಚಿ ಎಳೆದರೆ, ರಾಯರು ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಸ್ಪೀಕರಿಗೆ ಕಿವಿ ಹಚ್ಚುತ್ತಾರೆ. ಅವರ ಹೆಂಡತಿ ಅಡುಗೆಮನೆಯಲ್ಲಿ ಅದೇ ಹಾಡನ್ನು ಮೊಬೈಲಿನಲ್ಲಿ ಕೇಳುತ್ತಾ ಒಗ್ಗರಣೆ ಹಾಕುತ್ತಿರುತ್ತಾರೆ.

“ಅದನ್ನ ಸ್ವಲ್ಪ ನಿಲ್ಲಿಸೇ,” ಎಂದು ಕೂಗುತ್ತಾರೆ ರಾಯರು, “ಗುಂಯ್ ಕೇಳಿಸ್ತಾ ಇಲ್ಲ!”