ಮೂರು ಬೆರಳಿನ ಶಾಸ್ತ್ರ: ಎ.ಟಿ.ವಿ. ಟ್ರೈಲರ್ ಮೀಮಾಂಸೆ

ಬೈಕಿನಂತೆ ಹ್ಯಾಂಡಲ್ ಹಿಡಿದು, ಕುದುರೆಯ ಮೇಲೆ ಕೂತಂತೆ ಕಾಲು ಅಗಲಿಸಿ ಓಡಿಸಬೇಕಾದ ನಾಲ್ಕು ಚಕ್ರದ ವಾಹನಕ್ಕೆ ಎ.ಟಿ.ವಿ. ಎಂದು ಹೆಸರು. ಅದರ ಬೆನ್ನಿಗೆ ಕಟ್ಟುವ ಪುಟ್ಟ ಗಾಡಿಯನ್ನು ಲೋಕ ಟ್ರೈಲರ್ ಎನ್ನುತ್ತದೆ. ಪ್ರಬಂಧದ ಘನತೆಗೆ ತಕ್ಕಂತೆ ಇದನ್ನು ‘ಅನುಶಕಟ’ ಎಂದು ಕರೆಯುವ ಆಲೋಚನೆಯಿತ್ತು. ಆದರೆ ಆ ಹೆಸರು ಹೇಳಿದರೆ ವೆಲ್ಡಿಂಗ್ ಶಾಪಿನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲವಾದ್ದರಿಂದ ಕೈಬಿಡಲಾಗಿದೆ. ವಾಹನದ ಚರಿತ್ರೆ ಚಿಕ್ಕದು. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮೂರು ಚಕ್ರದ್ದೊಂದನ್ನು ಮಾರಾಟಕ್ಕಿಟ್ಟಿತು. 1982ರಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತು. ಮೂರು ಚಕ್ರದವು ಮಗುಚಿ ಬೀಳುತ್ತವೆಂಬ ದೂರು ಬೆಳೆದು 1988ರಲ್ಲಿ ಅಲ್ಲಿ ಅವುಗಳ ಮಾರಾಟವೇ ನಿಂತಿತು. ಟ್ರೈಲರಿನ ಚರಿತ್ರೆಯಾದರೋ ಎತ್ತಿನ ಕೊರಳಿಗೆ ನೊಗ ಬಿದ್ದ ದಿನದಿಂದಲೇ ಶುರು. ಹೀಗಾಗಿ ಗುರುವನ್ನು ಹಟ್ಟಿಯಲ್ಲಿ ಹುಡುಕುವುದೇ ಸರಿ. ನಮ್ಮ ಪ್ರತಿಜ್ಞೆ ಇಷ್ಟು: ಟ್ರೈಲರನ್ನು ಆರಿಸುವಾಗಲೂ ತಿದ್ದುವಾಗಲೂ ನೋಡಬೇಕಾದ ಜಾಗ ಒಂದೇ, ಅದು ಅಚ್ಚಿನ ಮುಂದಿನ ಮೂರು ಬೆರಳಿನಗಲ. ಮಿಕ್ಕದ್ದೆಲ್ಲ ಪೇಂಟು.

ಗಾಡಿ ಹೊಡೆಯುವವರ ಪರಿಭಾಷೆಯಲ್ಲಿ ದೋಷಗಳು ಎರಡೇ: ಮುಂಭಾರ, ಹಿಂಭಾರ. ಹೇರು ಮುಂದಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದಾದರೆ ಮೂಕಿ ಆಕಾಶ ನೋಡುತ್ತದೆ. ಹೆದ್ದಾರಿಯ ಟ್ರೈಲರ್ ಪಂಡಿತರು ಇದನ್ನೇ ಲೆಕ್ಕಕ್ಕಿಳಿಸಿ, ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು ಎಂದು ವಿಧಿಸಿದ್ದಾರೆ. ಇಲ್ಲಿಯೇ ಶ್ರುತಿವಿರೋಧ. ಹೋಂಡಾದ ಮಧ್ಯಮ ಗಾತ್ರದ ಎ.ಟಿ.ವಿ.ಗೆ 385 ಕಿಲೋ ಎಳೆಯಲು ಅಪ್ಪಣೆಯಿದೆ, ಕೊಂಡಿಯ ಮೇಲೆ ಮಾತ್ರ ಸುಮಾರು 14 ಕಿಲೋಗಿಂತ ಹೆಚ್ಚು ಒತ್ತುವಂತಿಲ್ಲ. ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಒಂದು ಗ್ರಂಥ ಮೂವತ್ತೆಂಟು ಕಿಲೋ ಬೇಕೇಬೇಕು ಎನ್ನುತ್ತದೆ, ಇನ್ನೊಂದು ಹದಿನಾಲ್ಕು ದಾಟಿದರೆ ಪಾಪ ಎನ್ನುತ್ತದೆ. ಸಮನ್ವಯ ಕಷ್ಟವೇನಲ್ಲ. ಹೆದ್ದಾರಿಯ ವಿಧಿ ಹುಟ್ಟಿದ್ದು ವೇಗದಲ್ಲಿ ಟ್ರೈಲರ್ ಬಾಲ ಬೀಸದಿರಲಿ ಎಂದು. ಕಾಫಿ ತೋಟದ ಕೊರಕಲು ದಾರಿಯಲ್ಲಿ ಆ ವೇಗ ಬರುವುದು ಬ್ರೇಕ್ ಹೋದಾಗ ಮಾತ್ರ. ಇಲ್ಲಿಯ ಭಯವೇ ಬೇರೆ. ಎಳೆಯುವ ಪ್ರಾಣಿಯೇ ಮುನ್ನೂರು ಕಿಲೋ ಆಸುಪಾಸಿನದು, ಕೊಂಡಿ ಇರುವುದು ಅದರ ಹಿಂದಿನ ಚಕ್ರಕ್ಕೂ ಹಿಂದೆ. ಅಲ್ಲಿ ಅದುಮಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ, ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಈಗ ಗಣಿತ. ಕೊಂಡಿಯಿಂದ ಅಚ್ಚಿಗೆ 150 ಸೆಂಟಿಮೀಟರ್ ಇರುವ ಟ್ರೈಲರಿನಲ್ಲಿ 385 ಕಿಲೋ ಒಟ್ಟು ಭಾರವಿದ್ದು, ಕೊಂಡಿಯ ಮೇಲೆ 14 ಕಿಲೋ ಮಾತ್ರ ಬೀಳಬೇಕಾದರೆ, ಭಾರದ ನಡು ಅಚ್ಚಿಗಿಂತ ಐದೂವರೆ ಸೆಂಟಿಮೀಟರ್ ಮುಂದಿರಬೇಕು. ಕೈ ಇಟ್ಟು ಅಳೆದರೆ ಮೂರು ಬೆರಳು. ಹೆದ್ದಾರಿಯವರ ಲೆಕ್ಕಕ್ಕೆ ಅದು ಕನಿಷ್ಠ ಹದಿನೈದು ಸೆಂಟಿಮೀಟರ್, ಅಂದರೆ ಒಂದು ಚೋಟು. ಚೋಟಿನಿಂದ ಬೆರಳಿಗೆ ಇಳಿದದ್ದೇ ಎ.ಟಿ.ವಿ. ಶಾಸ್ತ್ರದ ವೈಶಿಷ್ಟ್ಯ. ಆ 385ರಲ್ಲಿ ಟ್ರೈಲರಿನ ಸ್ವಂತ ತೂಕವೂ ಸೇರಿದೆಯೆಂಬುದನ್ನು ಕೊಳ್ಳುವವರು ಮರೆಯುತ್ತಾರೆ, ಮಾರುವವರು ನೆನಪಿಸುವುದಿಲ್ಲ. ನೂರು ಕಿಲೋ ಕಬ್ಬಿಣಕ್ಕೇ ಹೋದರೆ ಉಳಿಯುವುದು 50 ಕಿಲೋದ ಐದು ಮೂಟೆ ಕಾಫಿಗೆ ಜಾಗ. ಸರಕು ಹೇರುವ ಮಂಚದ ಉದ್ದಗಲ ನೋಡಿ ಹನ್ನೆರಡು ಹಿಡಿಯುತ್ತದೆ ಎಂದು ಹಿಗ್ಗಿ ದುಡ್ಡು ಕೊಡುವವರಿಗೆ ಈ ಪ್ರಬಂಧದಿಂದ ಪ್ರಯೋಜನವಿಲ್ಲ.

ಮೂರು ಬೆರಳನ್ನು ಕಾಯ್ದುಕೊಳ್ಳುವುದು ಸಮತಟ್ಟಿನಲ್ಲಿ ಸುಲಭ, ಏರಿನಲ್ಲಿ ದುಸ್ತರ. ಮಂಚ ಚಕ್ರದ ಮೇಲೆ ಕೂತಿದ್ದು, ಭಾರದ ನಡು ಅಚ್ಚಿಗಿಂತ 30 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಐದಡಿಗೆ ಒಂದಡಿ ಏರುವ ದಾರಿಯಲ್ಲಿ ಆ ನಡು ಆರು ಸೆಂಟಿಮೀಟರ್ ಹಿಂದೆ ಸರಿದಂತಾಗುತ್ತದೆ. ಇದ್ದದ್ದು ಐದೂವರೆ, ಹೋದದ್ದು ಆರು. ಕೊಂಡಿ ಕೆಳಗೊತ್ತುವುದನ್ನು ಬಿಟ್ಟು ಮೇಲಕ್ಕೆತ್ತತೊಡಗುತ್ತದೆ, ಎ.ಟಿ.ವಿ.ಯ ಹಿಂದಿನ ಚಕ್ರ ಹಿಡಿತ ಬಿಟ್ಟು ಗಿರಗಿರ ತಿರುಗುತ್ತದೆ. ಗಾಡಿಯವನು ಏರು ಬಂದೊಡನೆ ಮಾತಿಲ್ಲದೆ ಮೂಕಿಯ ಮೇಲೆ ಮುಂದಕ್ಕೆ ಜರುಗಿ ಕೂರುತ್ತಿದ್ದದ್ದು ಈ ಸೆಂಟಿಮೀಟರುಗಳನ್ನು ಮರಳಿ ಪಡೆಯಲಿಕ್ಕೇ. ಟ್ರೈಲರಿನ ಮೇಲೆ ಯಾರೂ ಕೂರಬಾರದೆಂದು ಬೋರ್ಡು ಹಚ್ಚಿರುವುದರಿಂದ ಈ ಪರಿಹಾರ ನಮಗಿಲ್ಲ. ಆದ್ದರಿಂದ ಮೊದಲ ತಿದ್ದುಪಡಿ, ಮಂಚವನ್ನು ಚಕ್ರಗಳ ನಡುವೆ ಇಳಿಸುವುದು. ಹದಿನೈದು ಸೆಂಟಿಮೀಟರ್ ಇಳಿಸಿದರೆ ಅದೇ ಏರಿನಲ್ಲಿ ಕಳೆದುಹೋಗುವುದು ಮೂರೇ ಸೆಂಟಿಮೀಟರ್, ಒಂದು ಬೆರಳಿಗಿಂತ ಹೆಚ್ಚು ಕೈಯಲ್ಲುಳಿಯುತ್ತದೆ. ಎರಡನೆಯದು ಮೂಕಿಯನ್ನು ಉದ್ದ ಮಾಡುವುದು. 150ನ್ನು 200 ಮಾಡಿದರೆ ಅದೇ 14 ಕಿಲೋಗೆ ಮೂರರ ಬದಲು ನಾಲ್ಕು ಬೆರಳಿನ ಸಲುಗೆ ಸಿಗುತ್ತದೆ, ರಿವರ್ಸ್ ತೆಗೆಯುವಾಗ ಟ್ರೈಲರ್ ಚಾಕುವಿನಂತೆ ಮಡಚಿಕೊಳ್ಳುವುದೂ ತಡವಾಗುತ್ತದೆ. ಉದ್ದ ಮೂಕಿ ತಿರುವಿನಲ್ಲಿ ಒಳಮೈ ಹಿಡಿದು ಕಾಫಿ ಗಿಡವನ್ನು ಸವರಿಕೊಂಡು ಹೋಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರವೆಂದರೆ, ಗಿಡ ಒಂದೆಡೆ ನಿಂತಿರುತ್ತದೆ, ಎಲ್ಲಿದೆಯೆಂದು ನಮಗೆ ಗೊತ್ತು. ಏರಿನ ನಡುವೆ ಜಾರುವ ಚಕ್ರ ಎಲ್ಲಿ ನಿಲ್ಲುತ್ತದೆಂದು ಯಾರಿಗೂ ಗೊತ್ತಿಲ್ಲ.

ಅಚ್ಚು ಎಷ್ಟಿರಬೇಕೆಂಬ ವಿಷಯದಲ್ಲಿ ಮತಗಳು ಮೂರು. ಅದ್ವೈತಿಗಳಿಗೆ ಅಚ್ಚೊಂದೇ ಸತ್ಯ. ಅವರ ಟ್ರೈಲರ್ ಅಗ್ಗ, ಹಗುರ, ಎತ್ತ ಬೇಕಾದರೂ ತಿರುಗುತ್ತದೆ. ಆದರೆ ಒಂದು ಚಕ್ರ ಒಂದು ಗೇಣು ಕಲ್ಲು ಹತ್ತಿದರೆ ಮಂಚದ ಆ ಪಕ್ಕವೂ ಪೂರ್ತಿ ಗೇಣೇ ಏಳುತ್ತದೆ. ದ್ವೈತಿಗಳು ಎರಡು ಅಚ್ಚುಗಳನ್ನು ಬೇರೆಬೇರೆಯಾಗಿ ಚಾಸಿಗೆ ಬಿಗಿಯುತ್ತಾರೆ. ಡಾಂಬರಿನ ಮೇಲೆ ಇದು ಸೊಗಸು. ಹಳ್ಳದಿಣ್ಣೆಯಲ್ಲಿ ಒಂದು ಚಕ್ರ ಗಾಳಿಯಲ್ಲಿ ತೇಲಿ ಇನ್ನೊಂದು ಎಲ್ಲ ಭಾರ ಹೊರುತ್ತದೆ, ತಿರುವಿನಲ್ಲಿ ಟೈರು ನೆಲವನ್ನು ಕೆರೆಯುತ್ತದೆ. ವಿಶಿಷ್ಟಾದ್ವೈತಿಗಳ ಮಾರ್ಗ ಸೂಕ್ಷ್ಮವಾದದ್ದು. ಪಕ್ಕಕ್ಕೊಂದು ತೊಲೆ, ತೊಲೆಯ ಎರಡು ತುದಿಗೆ ಎರಡು ಚಕ್ರ, ನಡುವೆ ಒಂದೇ ಕೀಲು, ತೊಲೆ ಏತದಂತೆ ಏರಿಳಿಯುತ್ತದೆ. ಚಕ್ರಗಳು ಎರಡಾದರೂ ಆಧಾರ ಒಂದೇ. ಮುಂದಿನ ಚಕ್ರ ಗೇಣು ಏರಿದರೆ ಕೀಲು ಅರ್ಧ ಗೇಣು ಮಾತ್ರ ಏರುತ್ತದೆ. ಮೂರು ಬೆರಳಿನ ಲೆಕ್ಕವನ್ನು ಆ ಕೀಲಿನಿಂದ ಹಿಡಿಯಬೇಕಾದ್ದರಿಂದ ನಮ್ಮ ಸಿದ್ಧಾಂತಕ್ಕೂ ಭಂಗವಿಲ್ಲ. ಈ ಲೇಖಕನ ಒಲವು ಅತ್ತಲೇ. ಆದರೆ ಕೀಲುಗಳಿಗೆ ಗ್ರೀಸ್ ಹಾಕುವ ನಿತ್ಯಕರ್ಮ ತಪ್ಪಿಸುವವರು ಅದ್ವೈತದಲ್ಲೇ ಇರುವುದು ಕ್ಷೇಮ.

ದ್ರವಪದಾರ್ಥವಾದಿಗಳ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ತುಂಬಿದ 200 ಲೀಟರಿನ ಡ್ರಮ್ಮಿಗೆ ನಡು ಎಂಬುದೇ ನಿಲ್ಲುವುದಿಲ್ಲ, ಬೆರಳಿಟ್ಟು ಅಳೆಯುವುದು ಏನನ್ನು ಎಂದು ಅವರ ಪ್ರಶ್ನೆ. ಅರ್ಧ ತುಂಬಿದ ಡ್ರಮ್ಮನ್ನು ಉದ್ದುದ್ದ ಮಲಗಿಸಿದರೆ ಏರಿನಲ್ಲಿ ದ್ರಾವಣವೆಲ್ಲ ಹಿಂದಕ್ಕೋಡುತ್ತದೆ ಎಂಬುದು ನಿಜ. ಆದರೆ ಪೂರ್ತಿ ತುಂಬಿದ ಡ್ರಮ್ಮಿನಲ್ಲಿ ಓಡಲು ಜಾಗವೇ ಇರುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬುದನ್ನು ಇಷ್ಟು ಕಾಲ ನೀತಿಯ ಮಾತೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಅದು ಶುದ್ಧ ಟ್ರೈಲರ್ ಸೂತ್ರ. ಸಿಂಪರಣೆ ನಡೆದು ಡ್ರಮ್ಮು ಖಾಲಿಯಾಗುತ್ತ ಬಂದಾಗ ಏನು ಗತಿ ಎಂದರೆ, ಏರಿನ ದಾರಿಯನ್ನು ತುಂಬಿರುವಾಗಲೇ ಮುಗಿಸಿ ಇಳಿಯುತ್ತ ಸಿಂಪಡಿಸಬೇಕು. ಕೆಲಸದ ಕ್ರಮವನ್ನೇ ಟ್ರೈಲರಿಗಾಗಿ ಬದಲಿಸುವುದು ಅತಿಯಾಯಿತಲ್ಲವೆ ಎಂಬ ಗೊಣಗು ಕೇಳಿಸುತ್ತಿದೆ, ಕೇಳಿಸಿಕೊಂಡಿಲ್ಲ.

ಕೊನೆಯದಾಗಿ, ಮೂಟೆ ಹೇರುವವರಿಗೆ ಈ ಸಿದ್ಧಾಂತವನ್ನು ತಿಳಿಸುವುದು ಹೇಗೆ? ಅಚ್ಚಿನಿಂದ ಮೂರು ಬೆರಳು ಮುಂದೆ ಮಂಚದ ತಗಡಿನ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆಯುವುದು ಸುಲಭೋಪಾಯವೆಂದು ಕಾಣುತ್ತದೆ. ಆದರೆ ಮೊದಲ ಮೂಟೆ ಬೀಳುವುದು ಸರಿಯಾಗಿ ಆ ಗೆರೆಯ ಮೇಲೆ, ಎರಡನೆಯದು ಬೀಳುವ ಹೊತ್ತಿಗೆ ಗೆರೆ ಕಾಣುವುದೇ ಇಲ್ಲ. ಗೆರೆಯನ್ನು ಪಕ್ಕದ ಹಲಗೆಯ ಹೊರಮೈಗೆ ಬರೆಸಿ. ಪೇಂಟಿಗೆ ನಲವತ್ತು ರೂಪಾಯಿ ಹೆಚ್ಚಾದೀತು.